ಕ್ಯಾಮ್‌ಶಾಫ್ಟ್ ಟೈಮಿಂಗ್ ದುರಸ್ತಿ: ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಗ್ಯಾರೇಜಿನ ಕೆಲಸ

ನನ್ನ ಕಾರಿನ ಎಂಜಿನ್ ನಿಂತಲ್ಲೇ ನಡುಗುತ್ತಿದ್ದು, ಸ್ಕ್ಯಾನರ್‌ನಲ್ಲಿ ಪಿ0011 ಸಂಕೇತ, ಅಂದರೆ ಎಂಜಿನ್ನಿನೊಳಕ್ಕೆ ಗಾಳಿ ಬಿಡುವ ವಾಲ್ವ್‌ಗಳನ್ನು ತೆರೆಯುವ ಇನ್‌ಟೇಕ್ ಕ್ಯಾಮ್‌ಶಾಫ್ಟ್‌ನ ಟೈಮಿಂಗ್ ಇರಬೇಕಾದುದಕ್ಕಿಂತ ಮುಂದಕ್ಕೆ ಹೋಗಿದೆಯೆಂಬ ಸೂಚನೆ ಬಂದಾಗ, ಬೇರೊಂದು ಕಡೆ ಟೈಮಿಂಗ್ ಚೈನ್ ಸಮೇತ ಎಲ್ಲವನ್ನೂ ಬದಲಿಸಬೇಕೆಂದಿದ್ದರು. ಈ ಗ್ಯಾರೇಜಿನ ಮೆಕ್ಯಾನಿಕ್ ಮೊದಲು ನೋಡಿದ್ದು ಆಯಿಲ್ ಅಳೆಯುವ ಕಡ್ಡಿ ಡಿಪ್‌ಸ್ಟಿಕ್ಕನ್ನು. ಈ ಟೈಮಿಂಗನ್ನು ಹಿಂದೆ ಮುಂದೆ ಮಾಡುವ ಕ್ಯಾಮ್ ಫೇಸರನ್ನು ತಿರುಗಿಸುವುದು ಎಂಜಿನ್ ಆಯಿಲ್‌ನ ಒತ್ತಡವೇ ಆದ್ದರಿಂದ, ಆಯಿಲ್ ಕೆಟ್ಟರೆ ಟೈಮಿಂಗ್ ಕೂಡ ಕೆಡಬಹುದೆಂಬ ಅವರ ತರ್ಕ ಸರಿಯಾಗಿತ್ತು. ಫೇಸರಿಗೆ ಹೋಗುವ ಆಯಿಲನ್ನು ನಿಯಂತ್ರಿಸುವ ಆಯಿಲ್ ಕಂಟ್ರೋಲ್ ವಾಲ್ವ್ ಬಿಚ್ಚಿದಾಗ ಅದರ ಸಣ್ಣ ಜಾಲರಿಯಲ್ಲಿ ಕಪ್ಪು ಜಿಡ್ಡು ಗಟ್ಟಿ ಅಂಬಲಿಯಂತೆ ಹೆಪ್ಪುಗಟ್ಟಿತ್ತು. ಅದನ್ನು ತೊಳೆದು, 12 ವೋಲ್ಟ್ ಕೊಟ್ಟು ಒಳಗಿನ ಸ್ಪೂಲ್ (ಜಾರುವ ದಂಡ) ಸರಾಗವಾಗಿ ಸರಿಯುವುದನ್ನು ನನ್ನೆದುರೇ ಪರೀಕ್ಷಿಸಿ, ಕಂಪನಿ ಸೂಚಿಸಿದ ದರ್ಜೆಯ ಆಯಿಲ್ ತುಂಬಿದರು. ನಡುಕ ನಿಂತಿದೆ. ಮಜೂರಿ ನ್ಯಾಯವಾಗಿದೆ, ರಸೀದಿಯನ್ನು ಮಾತ್ರ ಕೇಳಿಯೇ ಪಡೆಯಬೇಕು.