ಅಂಬಾಸಿಡರ್ ಹೆಡರ್‌ಗೆ ಯಾವ ಪ್ಯಾಕಿಂಗ್? ನಾಲ್ಕನ್ನೂ ಹಾಕಿ ನೋಡಿದೆ

ಎಂಜಿನ್ನಿನ ಹೊಗೆಯನ್ನು ಸೈಲೆನ್ಸರ್ ಕಡೆ ಒಯ್ಯುವ ಪೈಪುಗಳ ಜೋಡಣೆಯೇ ಹೆಡರ್. ಅದು ಎಂಜಿನ್ನಿಗೆ ಸೇರುವ ಕಡೆ ಹೊಗೆ ಸೋರದಂತೆ ನಡುವೆ ಇಡುವುದು ಪ್ಯಾಕಿಂಗ್, ಅಂದರೆ ಗ್ಯಾಸ್ಕೆಟ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗ್ರಾಫೈಟ್‌ಗೆ. ಮಧ್ಯೆ ಸ್ಟೀಲ್ ತಗಡು, ಎರಡೂ ಕಡೆ ಗ್ರಾಫೈಟ್ ಇರುವ ಹಾಳೆ ಸಿಗುತ್ತದೆ. ಅದರಿಂದ ಕತ್ತರಿಸಿದ ಪ್ಯಾಕಿಂಗ್. ಮಿಕ್ಕ ಮೂರನ್ನು ಹಾಕಿ, ಬಿಚ್ಚಿ, ಬೈದುಕೊಂಡ ಮೇಲೆ ಅಲ್ಲಿಗೆ ಬಂದು ನಿಂತೆ.

ಗಾಡಿ 1972ರ ಮಾರ್ಕ್ 2 ಅಂಬಾಸಿಡರ್, 1489 ಸಿಸಿ ಪೆಟ್ರೋಲ್. ಹೊಗೆ ಹೊರಗೆ ಹೋಗುವ ಬೀಡಿನ (ಎರಕದ ಕಬ್ಬಿಣದ) ಮ್ಯಾನಿಫೋಲ್ಡ್ ಬಿರುಕು ಬಿಟ್ಟಿತ್ತು. ಹಳೇ ಸಾಮಾನಿನವರ ಹತ್ತಿರ ಸಿಕ್ಕಿದ್ದೂ ಬಿರುಕು ಬಿಟ್ಟಿದ್ದೇ. ಸರಿ ಅಂತ ಮೈಸೂರಲ್ಲೇ ಒಂದು ವರ್ಕ್‌ಶಾಪಿನಲ್ಲಿ ಅದರ ಬದಲಿಗೆ ಪೈಪ್ ಹೆಡರ್ ಮಾಡಿಸಿದೆ. ಅವತ್ತಿನಿಂದ ಟಿಕ್ ಟಿಕ್ ಶುರು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಜೋರು, ಬಿಸಿಯಾದರೆ ಕಡಿಮೆ, ಚಾಮುಂಡಿ ಬೆಟ್ಟದ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮತ್ತೆ ಜೋರು.

ಈ ಸದ್ದು ಕೇಳಿದವರೆಲ್ಲ 'ಟ್ಯಾಪೆಟ್ ಸಾರ್, ಟ್ಯಾಪೆಟ್' ಅನ್ನುತ್ತಾರೆ. ಸುಮ್ನೆ ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗ) ಕೆದಕಬೇಡಿ. ಹೊಗೆ ಲೀಕಾದರೂ ಇದೇ ಸದ್ದು. ಎಂಜಿನ್ ತಣ್ಣಗಿದ್ದಾಗ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಕಡೆಯನ್ನು ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಹಿಡಿಯಿರಿ. ಹೆಡರ್ ಸೇರುವ ಜಾಗಕ್ಕೆಲ್ಲ ಸೋಪಿನ ನೀರು ಹಚ್ಚಿ. ಗುಳ್ಳೆ ಎಲ್ಲಿ ಏಳುತ್ತದೋ ಅಲ್ಲೇ ಲೀಕು. ಕೆಲವರು ಊದುಬತ್ತಿ ಹಿಡಿದು ಹೊಗೆ ನೋಡುತ್ತಾರೆ. ಈ ಎಂಜಿನ್‌ನಲ್ಲಿ ಕಾರ್ಬ್ಯುರೇಟರ್ ಇರುವುದೂ ಅದೇ ಪಕ್ಕದಲ್ಲಿ, ಅಲ್ಲಿಗೆ ಬೆಂಕಿ ತಗೊಂಡು ಹೋಗಬೇಡಿ.

ಪ್ಯಾಕಿಂಗ್ ಬದಲು ಹಚ್ಚುವ ಟ್ಯೂಬಿನ ಸಿಲಿಕಾನ್ ಅಂಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಂಪು ಸಿಲಿಕಾನ್ ತಡೆಯುವುದು ಸುಮಾರು 300 ಡಿಗ್ರಿ ಚಿಲ್ಲರೆ. ಏರಿನಲ್ಲಿ ಪೋರ್ಟಿನಿಂದ (ಎಂಜಿನ್ ಮೇಲ್ಭಾಗದ ಹೆಡ್ಡಿನಲ್ಲಿರುವ ತೂತು) ಬರುವ ಹೊಗೆ 600 ದಾಟುತ್ತದೆ. ಸುಟ್ಟು ಉದುರಿತು, ಅಷ್ಟೇ.

ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಪ್ಯಾಕಿಂಗ್ ಬೀಡಿನ ಮ್ಯಾನಿಫೋಲ್ಡ್‌ಗೆ ಸಾಕು. ಬೆಲೆಯೂ ಕಡಿಮೆ. ಒಂದು ಕಡೆ ತಗಡು, ಇನ್ನೊಂದು ಕಡೆ ಮೆತ್ತನೆ ಪದರ ಇದ್ದರೆ ತಗಡಿನ ಕಡೆ ಮ್ಯಾನಿಫೋಲ್ಡಿಗೆ ಬರಬೇಕು, ಮೆತ್ತನೆಯದು ಹೆಡ್‌ಗೆ. ಬಿಸಿಗೆ ಮ್ಯಾನಿಫೋಲ್ಡ್ ಹಿಗ್ಗಿ ಕುಗ್ಗುವಾಗ ತಗಡಿನ ಮೇಲೆ ಜಾರಲಿ ಅಂತ. ಕೌಂಟರಿನಲ್ಲಿ 'ಹೆಂಗೆ ಹಾಕಿದ್ರೂ ನಡೆಯುತ್ತೆ ಸಾರ್' ಅಂದರೆ ನಂಬಬೇಡಿ. ನನ್ನ ಹೆಡರ್ ಜೊತೆ ಇದು ಮಧ್ಯದ ಪೋರ್ಟಿನಲ್ಲೇ ಮೊದಲು ಸುಟ್ಟಿತು. ಎರಡನೇ ಮತ್ತು ಮೂರನೇ ಸಿಲಿಂಡರಿನ ಹೊಗೆ ಎರಡೂ ಅದೊಂದೇ ತೂತಿನಿಂದ ಬರುತ್ತದೆ, ಬಿಸಿ ಅಲ್ಲೇ ಜಾಸ್ತಿ. ಹಳೇ ಸ್ಟಾಕಿನದ್ದರಲ್ಲಿ ಆಸ್ಬೆಸ್ಟಸ್ ಇರಬಹುದು. ಕೆರೆಯುವಾಗ ಒದ್ದೆ ಮಾಡಿಕೊಂಡೇ ಕೆರೆಯಿರಿ, ಒಣ ಪುಡಿ ಊದಬೇಡಿ.

ತಾಮ್ರ ನೋಡಲು ಚೆಂದ. ತಗಡು ತಂದು, ತೂತು ಹೊಡೆಸಿ, ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮೆತ್ತಗಾಗುತ್ತದೆ. ಒಂದು ಸಲ ನಟ್ಟಿನ ಅಡಿ ಒತ್ತಿ ಕೂತ ಮೇಲೆ ಮತ್ತೆ ಗಟ್ಟಿ. ಬಿಚ್ಚಿದಾಗೆಲ್ಲ ಮತ್ತೆ ಕಾಯಿಸಬೇಕು. ಕಾಯಿಸುವುದು ಒಂಥರಾ ಖುಷಿಯ ಕೆಲಸವೇ. ಆದರೆ ತಾಮ್ರ ಎಷ್ಟೇ ಮೆತ್ತಗಾದರೂ ತಗ್ಗು ತುಂಬುವುದಿಲ್ಲ. ಎರಡೂ ಮುಖ ಸಮ ಇದ್ದರೆ ಮಾತ್ರ ಅದರ ಆಟ.

ನನ್ನ ತಲೆ ತಿಂದಿದ್ದು ಮಾತ್ರ ಬೇರೆ ವಿಷಯ. ವಾಷರ್.

ಈ ಹೆಡ್‌ನಲ್ಲಿ ಪೆಟ್ರೋಲ್ ಒಳಗೆ ಹೋಗುವ ಇನ್‌ಲೆಟ್ ಮ್ಯಾನಿಫೋಲ್ಡ್, ಹೊಗೆ ಬರುವ ಹೆಡರ್, ಎರಡೂ ಒಂದೇ ಸಾಲಿನಲ್ಲಿ ಕೂರುತ್ತವೆ. ಅವೆರಡರ ನಡುವೆ ಇರುವ ಸ್ಟಡ್ಡಿಗೆ (ಹೆಡ್ಡಿನಿಂದ ಚಾಚಿರುವ ಬೋಲ್ಟು) ಒಂದು ದಪ್ಪ ವಾಷರ್. ಅದರ ಒಂದು ಅಂಚು ಇನ್‌ಲೆಟ್ಟಿನ ಫ್ಲಾಂಜನ್ನು (ಹೆಡ್ಡಿಗೆ ಒತ್ತಿ ಕೂರುವ ಚಪ್ಪಟೆ ಅಂಚು) ಒತ್ತಬೇಕು, ಇನ್ನೊಂದು ಅಂಚು ಹೆಡರಿನ ಫ್ಲಾಂಜನ್ನು. ಹಾಗಾಗಬೇಕಾದರೆ ಎರಡೂ ಫ್ಲಾಂಜಿನ ದಪ್ಪ ಒಂದೇ ಇರಬೇಕು. ಹೆಡರ್ ಮಾಡಿಕೊಟ್ಟವರು ಕೈಗೆ ಸಿಕ್ಕ ಪ್ಲೇಟ್ ಕತ್ತರಿಸಿ ಫ್ಲಾಂಜ್ ಮಾಡಿದ್ದರು. ಇನ್‌ಲೆಟ್ಟಿಗಿಂತ ಅದು ಚೆನ್ನಾಗೇ ತೆಳ್ಳಗಿತ್ತು. ನಟ್ ಬಿಗಿ ಮಾಡಿದಷ್ಟೂ ವಾಷರ್ ಓರೆಯಾಗಿ ಇನ್‌ಲೆಟ್ಟನ್ನೇ ಒತ್ತುತ್ತಿತ್ತು. ಹೆಡರ್ ಸುಮ್ನೆ ನೇತಾಡುತ್ತಿತ್ತು ಅಂದರೂ ಸರಿಯೇ.

ಹೊರಗಿನಿಂದ ಇದು ಕಾಣುವುದೇ ಇಲ್ಲ. ನಟ್ ಬಿಗಿ ಇದೆ, ಟಾರ್ಕ್ ರೆಂಚ್ ಟಕ್ ಅನ್ನುತ್ತದೆ, ಎಲ್ಲ ಸರಿ. ಪ್ಯಾಕಿಂಗಿನ ಮೇಲೆ ಮಾತ್ರ ಭಾರವೇ ಇಲ್ಲ. ಬಿಚ್ಚಿದ ಪ್ಯಾಕಿಂಗನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ: ಇನ್‌ಲೆಟ್ ತೂತಿನ ಸುತ್ತ ಅಚ್ಚು ಒತ್ತಿದ ಗುರುತು, ಎಕ್ಸಾಸ್ಟ್ ತೂತಿನ ಸುತ್ತ ಬರೀ ಮಸಿ. ಲಷ್ಕರ್ ಮೊಹಲ್ಲಾ ಕಡೆಯ ಲೇತ್ ಭಾಯ್ ವಾಷರನ್ನು ಕೈಯಲ್ಲಿ ತಿರುಗಿಸಿ ನೋಡಿ, 'ಸಾರ್, ಇದಕ್ಕೆ ಮೆಟ್ಟಿಲು ಕೊಡ್ಬೇಕು' ಅಂದರು. ಅರ್ಧ ದಪ್ಪ, ಅರ್ಧ ತೆಳ್ಳಗೆ ಬರುವಂತೆ ಹೊಸ ವಾಷರ್ ಮಾಡಿಕೊಟ್ಟರು. ದಪ್ಪದ ಕಡೆ ಹೆಡರ್ ಮೇಲೆ. ವೆಲ್ಡಿಂಗ್ ಬಿಸಿಗೆ ಫ್ಲಾಂಜ್ ಕೂಡ ಬಾಳೆಕಾಯಿ ಥರ ಬಾಗಿತ್ತು. ಅದನ್ನೂ ಫೇಸಿಂಗ್ ಮಾಡಿಸಿ, ಮುಖ ಸಮ ಮಾಡಿಸಿದೆ.

ಹೊಸ ವಾಷರ್ ಬಂದ ಮೇಲೆ ತಾಮ್ರಕ್ಕೂ ರೆಡಿಮೇಡಿಗೂ ಇನ್ನೊಂದು ಅವಕಾಶ ಕೊಟ್ಟೆ, ಇಲ್ಲದಿದ್ದರೆ ಅನ್ಯಾಯ ಅಲ್ವಾ. ಎರಡೂ ಮೊದಲಿಗಿಂತ ಎಷ್ಟೋ ವಾಸಿ. ತಾಮ್ರ ತಣ್ಣಗಿದ್ದಾಗ ಸ್ವಲ್ಪ ಟಿಕ್ ಅನ್ನುವುದನ್ನು ಬಿಡಲಿಲ್ಲ. ರೆಡಿಮೇಡ್ ಒಂದಷ್ಟು ದಿನ ಗಪ್‌ಚುಪ್ ಇದ್ದು, ಮಳೆಗಾಲದಲ್ಲಿ ಮತ್ತೆ ಮಧ್ಯದಲ್ಲೇ ಬಾಯಿಬಿಟ್ಟಿತು. ಪೈಪ್ ಹೆಡರ್ ಬೀಡಿನಷ್ಟು ಗಟ್ಟಿಯಾಗಿ ಕೂರುವುದಿಲ್ಲ, ಬಿಸಿಗೆ ಅಲ್ಲಾಡುತ್ತಲೇ ಇರುತ್ತದೆ. ಗ್ರಾಫೈಟ್ ಆ ಅಲ್ಲಾಟ ತಡೆದುಕೊಳ್ಳುತ್ತದೆ, ಸಣ್ಣಪುಟ್ಟ ತಗ್ಗನ್ನೂ ತುಂಬುತ್ತದೆ. ಮಧ್ಯದ ಸ್ಟೀಲ್ ಇರುವುದರಿಂದ ಹೊಗೆಯ ಒತ್ತಡಕ್ಕೆ ಹಾರಿ ಹೋಗುವುದಿಲ್ಲ.

ಗ್ರಾಫೈಟಿನ ಕಾಟವೂ ಇದೆ. ಒಳಗಿನ ಸ್ಟೀಲ್‌ಗೆ ಸಣ್ಣ ಸಣ್ಣ ಹಲ್ಲುಗಳು. ಕತ್ತರಿಯಲ್ಲಿ ಕತ್ತರಿಸಲು ಹೋದರೆ ಬೆರಳೆಲ್ಲ ಗಾಯ. ಪ್ಯಾಕಿಂಗ್ ಕತ್ತರಿಸುವ ಅಂಗಡಿಗೆ ಹಳೇದನ್ನು ಮಾದರಿಗೆ ಕೊಟ್ಟುಬಿಡಿ. ತೂತು ಪೋರ್ಟಿಗಿಂತ ಒಂದೆರಡು ಮಿಲಿಮೀಟರ್ ದೊಡ್ಡದಿರಲಿ. ಅಂಚು ಹೊಗೆಯ ದಾರಿಗೆ ಚಾಚಿಕೊಂಡರೆ ಗ್ರಾಫೈಟ್ ಕೂಡ ನಿಧಾನಕ್ಕೆ ಉರಿದು ಹೋಗುತ್ತದೆ. ಮಧ್ಯದಿಂದ ಹೊರಗೆ ಬಿಗಿ ಮಾಡಿ, ಒಂದು ಸಲ ಬಿಸಿಯಾಗಿ ಪೂರ್ತಿ ತಣಿದ ಮೇಲೆ ಇನ್ನೊಮ್ಮೆ ನೋಡಿ. ಹಿತ್ತಾಳೆ ನಟ್ ಹಾಕಿ, ಸ್ಟಡ್ಡಿಗೆ ತುಕ್ಕು ಹಿಡಿದು ಅಂಟುವುದಿಲ್ಲ.

ಖರ್ಚು ರೆಡಿಮೇಡಿನ ಮೂರು ನಾಲ್ಕು ಪಟ್ಟು ಬರುತ್ತದೆ. ನಾನು ಭಾನುವಾರ ಶ್ರೀರಂಗಪಟ್ಟಣ, ಮಂಡ್ಯ ಅಂತ ಓಡಿಸುವವನು. ಬಾನೆಟ್ ಅಡಿಯ ಹೊಗೆ ಒಳಗೆ ಬಂದು ಮನೆಯವರಿಗೆ ತಲೆನೋವು ಬರುವುದು ನನಗೆ ಬೇಡ. ಅಷ್ಟು ದುಡ್ಡು ಕೊಡುತ್ತೇನೆ. ನಿಮ್ಮದು ಬಿರುಕಿಲ್ಲದ ಬೀಡಿನ ಮ್ಯಾನಿಫೋಲ್ಡ್ ಆಗಿದ್ದರೆ ರೆಡಿಮೇಡ್ ಹಾಕಿ, ಉಳಿದ ದುಡ್ಡಲ್ಲಿ ಪೆಟ್ರೋಲ್ ಹೊಡೆಸಿ. ಹೆಡರ್ ಮಾಡಿಸುವುದಾದರೆ ಮಾತ್ರ ಇನ್‌ಲೆಟ್ ಮ್ಯಾನಿಫೋಲ್ಡನ್ನೂ ಬಿಚ್ಚಿಕೊಂಡು ಹೋಗಿ ವರ್ಕ್‌ಶಾಪಿನ ಟೇಬಲ್ ಮೇಲಿಡಿ, ಫ್ಲಾಂಜಿಗೆ ಅದೇ ದಪ್ಪದ ಪ್ಲೇಟ್ ತರಿಸದೆ ಅಡ್ವಾನ್ಸ್ ಕೊಡಬೇಡಿ.