ಪ್ರಿಂಟರ್ ‘ಆಫ್‌ಲೈನ್’ ಎಂದು ತೋರಿಸಿದರೆ ಆ ಸಹಾಯವಾಣಿಗೆ ಮಾತ್ರ ಕರೆ ಮಾಡಬೇಡಿ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಪ್ರಿಂಟರ್ ಕೈಕೊಟ್ಟಿತೆಂದು ಅಂತರ್ಜಾಲದಲ್ಲಿ ಹುಡುಕಿ, ಎಲ್ಲಕ್ಕಿಂತ ಮೇಲೆ ಬಂದ ಪುಟದಲ್ಲಿರುವ ಫೋನ್ ಸಂಖ್ಯೆಗೆ ಕರೆ ಮಾಡಬೇಡಿ. ಮಾಡಿದರೂ ನಿಮ್ಮ ಕಂಪ್ಯೂಟರನ್ನು ಅವರ ಕೈಗೆ ಒಪ್ಪಿಸಬೇಡಿ. ನಾನು ಒಪ್ಪಿಸಿದೆ. ಎರಡು ಹೊಸ ಪ್ರಿಂಟರ್ ಕೊಳ್ಳಬಹುದಾಗಿದ್ದಷ್ಟು ಹಣ ಹೋಯಿತು. ಇದನ್ನು ಬರೆಯಲು ಹನ್ನೊಂದು ದಿನ ಹಿಡಿಯಿತು, ಏಕೆಂದರೆ ನಾಚಿಕೆಯಾಗುತ್ತಿತ್ತು. ಈಗಲೂ ಆಗುತ್ತಿದೆ.

ನಾನು ಮನೆಯಿಂದಲೇ ಮೂರು ಸಣ್ಣ ಕಚೇರಿಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಅಂದು ಸಂಜೆಯೊಳಗೆ 26 ಪುಟ ಮುದ್ರಿಸಿ ಸಹಿಗೆ ಕಳುಹಿಸಬೇಕಿತ್ತು. ಮಧ್ಯಾಹ್ನ ವಿದ್ಯುತ್ ಹೋಗಿ ಬಂತು. ರೌಟರ್ ಆರಿ ಮತ್ತೆ ಹೊತ್ತಿಕೊಂಡಿತು. ಅಷ್ಟೇ ಆದದ್ದು. ಆಮೇಲೆ ಮುದ್ರಣಕ್ಕೆ ಕೊಟ್ಟರೆ ಕಂಪ್ಯೂಟರ್ ‘ಪ್ರಿಂಟರ್ ಆಫ್‌ಲೈನ್’ ಎನ್ನುತ್ತದೆ. ಪ್ರಿಂಟರ್ ಮುಂದೆ ಹೋಗಿ ನಿಂತರೆ ಅದರ ವೈಫೈ ದೀಪ ಸರಿಯಾಗಿಯೇ ಉರಿಯುತ್ತಿದೆ. ಅಂತರ್ಜಾಲವೂ ಬರುತ್ತಿದೆ. ಎರಡೂ ಯಂತ್ರಗಳು ಚೆನ್ನಾಗಿವೆ, ಆದರೆ ಒಂದಕ್ಕೊಂದು ಕಾಣಿಸುತ್ತಿಲ್ಲ. ಆರಿಸಿ ಹಚ್ಚಿದೆ. ಸರತಿಯಲ್ಲಿದ್ದ ಕಡತವನ್ನು ಅಳಿಸಲು ಹೋದರೆ ‘ಅಳಿಸಲಾಗುತ್ತಿದೆ’ ಎಂದು ಅಲ್ಲೇ ನಿಂತುಬಿಟ್ಟಿತು. ಗಂಟೆ ನಾಲ್ಕಾಗಿತ್ತು.

ಪ್ರಿಂಟರ್ ಕಂಪನಿಯ ಹೆಸರು, ಪಕ್ಕದಲ್ಲಿ ಆಫ್‌ಲೈನ್ ಎಂದು ಬರೆದು ಹುಡುಕಿದೆ. ಮೊದಲು ಬಂದದ್ದು ಜಾಹೀರಾತು. ಅದು ಜಾಹೀರಾತು ಎಂದು ಸಣ್ಣ ಅಕ್ಷರದಲ್ಲಿ ಬರೆದೂ ಇತ್ತು. ಆತುರದಲ್ಲಿ ಅದನ್ನು ಯಾರು ನೋಡುತ್ತಾರೆ? ಪುಟದ ಬಣ್ಣ ಆ ಕಂಪನಿಯದೇ, ಪ್ರಿಂಟರಿನ ಚಿತ್ರವೂ ಅದರದೇ. ಮಾದರಿ ಸಂಖ್ಯೆ ಕೇಳಿತು, ಕೊಟ್ಟೆ. ‘ಡ್ರೈವರ್ ಇಳಿಸಲಾಗುತ್ತಿದೆ’ ಎಂದು ಒಂದು ಹಸಿರು ಪಟ್ಟಿ ಓಡತೊಡಗಿತು. ಡ್ರೈವರ್ ಎಂದರೆ ಕಂಪ್ಯೂಟರ್ ಪ್ರಿಂಟರನ್ನು ನಡೆಸಲು ಬೇಕಾದ ತಂತ್ರಾಂಶ. ಮುಗಿಯಿತು ಎನ್ನುವಷ್ಟರಲ್ಲಿ ಕೆಂಪಾಗಿ ನಿಂತಿತು. ಒಂದು ದೋಷ ಸಂಖ್ಯೆ, ಅದರ ಕೆಳಗೆ ಫೋನ್ ಸಂಖ್ಯೆ, ‘ತಜ್ಞರೊಡನೆ ಈಗಲೇ ಮಾತನಾಡಿ’.

ಆ ಪಟ್ಟಿ ಏನನ್ನೂ ಇಳಿಸುತ್ತಿರಲಿಲ್ಲ. ನನ್ನ ತಮ್ಮ ಆಮೇಲೆ ಅದೇ ಪುಟ ತೆರೆದು, ಮಾದರಿ ಸಂಖ್ಯೆಯ ಜಾಗದಲ್ಲಿ ಕೈಗೆ ಸಿಕ್ಕ ಅಕ್ಷರಗಳನ್ನು ಒತ್ತಿದ. ಅಂಥ ಪ್ರಿಂಟರ್ ಲೋಕದಲ್ಲೇ ಇಲ್ಲ. ಅದೇ ಹಸಿರು ಪಟ್ಟಿ ಓಡಿತು, ಅದೇ ಜಾಗದಲ್ಲಿ ಕೆಂಪಾಯಿತು, ಅದೇ ದೋಷ ಸಂಖ್ಯೆ ಬಂತು. ಅದು ಪಟ್ಟಿಯ ಚಿತ್ರ, ಅಷ್ಟೇ. ಚಿತ್ರ ನೋಡಿ ಗಾಬರಿಯಾಗಿ ನಾನು ಫೋನ್ ಎತ್ತಿಕೊಂಡಿದ್ದೆ.

ಆ ಕಡೆಯವನ ಮಾತು ಬಹಳ ನಯ. “ಮೇಡಂ, ಗಾಬರಿಯಾಗಬೇಡಿ, ನಾನಿದ್ದೇನೆ” ಎಂದ. ಒಂದು ತಂತ್ರಾಂಶದ ಹೆಸರು ಹೇಳಿ ಹಾಕಿಕೊಳ್ಳಿ ಎಂದ. ಅಲ್ಲಿ ಬರುವ ಒಂಬತ್ತು ಅಂಕಿಗಳನ್ನು ಓದಿ ಎಂದ. ಓದಿದೆ. ‘ಅನುಮತಿಸಿ’ ಎಂಬುದನ್ನು ಒತ್ತಿ ಎಂದ. ಒತ್ತಿದೆ. ಕಚೇರಿಗಳಲ್ಲಿ ತಾಂತ್ರಿಕ ವಿಭಾಗದವರು ಹೀಗೆಯೇ ದೂರದಿಂದ ಸರಿಪಡಿಸುವುದನ್ನು ನೋಡಿದ್ದೇನೆ, ಆದ್ದರಿಂದ ಅನುಮಾನವೇ ಬರಲಿಲ್ಲ. ಕ್ಷಣದಲ್ಲಿ ನನ್ನ ಪರದೆಯ ಮೇಲೆ ಬಾಣದ ಗುರುತು ತಾನಾಗಿ ಓಡಾಡತೊಡಗಿತು.

ಅವನು ಪ್ರಿಂಟರ್ ಇರುವ ಕಡೆಗೆ ಹೋಗಲೇ ಇಲ್ಲ. ನೇರವಾಗಿ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದ. ಕೆಂಪು, ಹಳದಿ ಗುರುತುಗಳ ಉದ್ದನೆಯ ಸಾಲು. “ಎಷ್ಟಿವೆ, ನೀವೇ ಎಣಿಸಿ ಮೇಡಂ” ಎಂದ. ಎಣಿಸಲು ಕುಳಿತೆ. ನಲವತ್ತರವರೆಗೆ ಎಣಿಸಿ ನಿಲ್ಲಿಸಿದೆ. ಕಂಪ್ಯೂಟರ್ ತನ್ನೊಳಗೆ ನಡೆಯುವ ಸಣ್ಣಪುಟ್ಟದ್ದನ್ನೆಲ್ಲ ಅಲ್ಲಿ ದಾಖಲಿಸಿಕೊಳ್ಳುತ್ತದೆ. ಚೆನ್ನಾಗಿರುವ ಕಂಪ್ಯೂಟರಿನಲ್ಲೂ ಅಂಥ ಕೆಂಪು ಗುರುತುಗಳು ರಾಶಿ ರಾಶಿ ಇರುತ್ತವೆ. ಇದು ನನಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು.

ಆಮೇಲೆ ಕಪ್ಪು ಕಿಟಕಿಯೊಂದನ್ನು ತೆರೆದು ‘ನೆಟ್‌ಸ್ಟ್ಯಾಟ್’ ಎಂದು ಹೊಡೆದ. ಸಾಲು ಸಾಲು ಅಂಕಿಗಳು ಬಂದವು. ಮೇಲೆ ‘ಫಾರಿನ್ ಅಡ್ರೆಸ್’ ಎಂಬ ತಲೆಬರಹ. “ಇಂಗ್ಲಿಷ್ ಓದಲು ಬರುತ್ತದಲ್ಲವೇ ಮೇಡಂ? ಏನು ಬರೆದಿದೆ ಓದಿ.” ಓದಿದೆ. “ಅಂದರೆ ಏನು?” ವಿದೇಶಿ ವಿಳಾಸ ಎಂದೆ. “ನಾನು ಹೇಳಲಿಲ್ಲ, ನೀವೇ ಹೇಳಿದಿರಿ. ಇಷ್ಟು ಜನ ಹೊರದೇಶದಿಂದ ನಿಮ್ಮ ನೆಟ್‌ವರ್ಕಿನೊಳಗೆ ಕುಳಿತಿದ್ದಾರೆ. ಅದಕ್ಕೇ ಪ್ರಿಂಟರ್ ಆಫ್‌ಲೈನ್ ಆಗಿದೆ.”

ಎದೆ ಧಸಕ್ಕೆಂದಿತು. ಮೂರು ಕಚೇರಿಗಳ ಲೆಕ್ಕ, ಸಂಬಳದ ಪಟ್ಟಿಗಳು, ಎಲ್ಲವೂ ಆ ಕಂಪ್ಯೂಟರಿನಲ್ಲೇ ಇವೆ. ಆಗ ನನಗೆ ಪ್ರಿಂಟರ್ ಮರೆತೇಹೋಯಿತು. ಅವನಿಗೆ ಬೇಕಾಗಿದ್ದದ್ದೂ ಅದೇ.

ನೆಟ್‌ಸ್ಟ್ಯಾಟ್ ಎಂಬ ಆದೇಶ ಕಂಪ್ಯೂಟರಿನ ಆ ಹೊತ್ತಿನ ಸಂಪರ್ಕಗಳನ್ನು ಪಟ್ಟಿ ಮಾಡುತ್ತದೆ. ಫಾರಿನ್ ಅಡ್ರೆಸ್ ಎಂದರೆ ಸಂಪರ್ಕದ ಆ ತುದಿಯಲ್ಲಿರುವ ಯಂತ್ರದ ವಿಳಾಸ, ಅಷ್ಟೇ. ದೇಶಕ್ಕೂ ಅದಕ್ಕೂ ಸಂಬಂಧವಿಲ್ಲ. ನೀವು ಮಿಂಚಂಚೆ ತೆರೆದಿದ್ದರೆ ಅದರ ಸರ್ವರಿನ ವಿಳಾಸ ಅಲ್ಲಿ ಕಾಣುತ್ತದೆ. ನಿಮ್ಮ ಕಂಪ್ಯೂಟರ್ ತನ್ನೊಡನೆ ತಾನೇ ಮಾತನಾಡುತ್ತಿದ್ದರೂ 127.0.0.1 ಎಂದು ಅದೇ ತಲೆಬರಹದ ಕೆಳಗೆ ಬರುತ್ತದೆ. ತಮ್ಮ ತನ್ನ ಕಂಪ್ಯೂಟರಿನಲ್ಲಿ ಅದೇ ಆದೇಶ ಕೊಟ್ಟು ತೋರಿಸಿದ. ಅಲ್ಲೂ ಅಷ್ಟೇ ಉದ್ದದ ಪಟ್ಟಿ ಬಂತು.

ಇನ್ನೊಂದಿದೆ. ಇದನ್ನು ನೆನೆದಾಗಲೆಲ್ಲ ಮೈ ಉರಿಯುತ್ತದೆ. “ಈಗ ಪೂರ್ತಿ ತಪಾಸಣೆ ಮಾಡುತ್ತೇನೆ” ಎಂದು ಅದೇ ಕಪ್ಪು ಕಿಟಕಿಯಲ್ಲಿ ಇನ್ನೊಂದು ಆದೇಶ ಕೊಟ್ಟ. ಕಡತಗಳ ಹೆಸರುಗಳು ಜಲಪಾತದಂತೆ ಸುರಿದವು. ಎರಡು ಮೂರು ನಿಮಿಷ ಸುರಿದು ನಿಂತವು. ಕೊನೆಯಲ್ಲಿ ಒಂದು ಸಾಲು ಇಂಗ್ಲಿಷಿನಲ್ಲಿ: ನೆಟ್‌ವರ್ಕ್ ಭದ್ರತೆಯ ಅವಧಿ ಮುಗಿದಿದೆ, ಪ್ರಿಂಟರ್ ಪೋರ್ಟ್‌ಗೆ ವೈರಸ್ ತಗುಲಿದೆ. ಆ ಸಾಲಿನಲ್ಲಿ ಒಂದು ಪದದ ಕಾಗುಣಿತ ತಪ್ಪಿತ್ತು. ನಾನು ಅದನ್ನು ನೋಡಿದೆ. ದಿನವಿಡೀ ಲೆಕ್ಕದ ಪುಟಗಳಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ, ಕಣ್ಣಿಗೆ ಬೀಳದೆ ಇರುತ್ತದೆಯೇ? ಬಿತ್ತು. ಕಂಪ್ಯೂಟರ್ ಕಾಗುಣಿತ ತಪ್ಪುವುದಿಲ್ಲ, ಮನುಷ್ಯರು ತಪ್ಪುತ್ತಾರೆ ಎಂಬುದು ಆ ಕ್ಷಣ ಮನಸ್ಸಿನ ಅಂಚಿನವರೆಗೂ ಬಂತು. ಆದರೆ ಅವನು ಬಿಡುವು ಕೊಡದೆ ಮಾತನಾಡುತ್ತಲೇ ಇದ್ದ. ನಾನು ಸುಮ್ಮನಾದೆ.

ಆ ಆದೇಶದ ಹೆಸರು ‘ಟ್ರೀ’. ಡಿಸ್ಕಿನಲ್ಲಿರುವ ಫೋಲ್ಡರು, ಕಡತಗಳ ಹೆಸರುಗಳನ್ನು ಬರಿದೇ ಪಟ್ಟಿ ಮಾಡುತ್ತದೆ. ಅದು ಏನನ್ನೂ ತಪಾಸಣೆ ಮಾಡುವುದಿಲ್ಲ. ಪಟ್ಟಿ ಸುರಿಯುತ್ತಿರುವಾಗ ಕೀಲಿಮಣೆಯಲ್ಲಿ ಏನು ಹೊಡೆದರೂ ಅದು ಪಟ್ಟಿ ಮುಗಿದ ಮೇಲೆ ಕೊನೆಯ ಸಾಲಾಗಿ ಬಂದು ಕೂರುತ್ತದೆ. ತಮ್ಮ ನನ್ನ ಎದುರಿಗೇ ಮಾಡಿ ತೋರಿಸಿದ. “ಅಕ್ಕಾ, ನೋಡು” ಎಂದು ಪಟ್ಟಿ ಓಡುತ್ತಿರುವಾಗ ನನ್ನ ಹೆಸರು ಹೊಡೆದ. ಸುರಿಯುವುದು ನಿಂತ ಮೇಲೆ ಕೊನೆಯಲ್ಲಿ ನನ್ನ ಹೆಸರಿತ್ತು. ನಾನು ಎದ್ದು ಒಳಗೆ ಹೋಗಿಬಿಟ್ಟೆ. ಅಲ್ಲಿ ಕುಳಿತಿರಲು ಆಗಲಿಲ್ಲ.

ಹಣದ ಮಾತು ಅವನು ಕೊನೆಗೆ ತೆಗೆದ. ಐದು ವರ್ಷದ ‘ನೆಟ್‌ವರ್ಕ್ ರಕ್ಷಣೆ’. ಪ್ರಿಂಟರ್ ದುರಸ್ತಿ ಅದರೊಳಗೆ ಉಚಿತವಂತೆ. ಹೆಚ್ಚಾಯಿತು ಎಂದೆ. “ನಿಮ್ಮ ಗ್ರಾಹಕರ ಮಾಹಿತಿ ಹೋದರೆ ಅವರು ನಿಮ್ಮನ್ನು ಏನು ಕೇಳುತ್ತಾರೆ ಮೇಡಂ?” ಎಂದ. ನನಗೆ ಗ್ರಾಹಕರಿದ್ದಾರೆ ಎಂದು ನಾನು ಹೇಳಿರಲಿಲ್ಲ. ನನ್ನ ಫೋಲ್ಡರುಗಳ ಹೆಸರು ಓದಿ ತಿಳಿದುಕೊಂಡಿದ್ದ. ಕಾರ್ಡಿನ ವಿವರ ಕೊಟ್ಟೆ.

ಹಣ ಸಂದಾಯವಾದ ಮೇಲೆ ಮೊದಲ ಬಾರಿಗೆ ಪ್ರಿಂಟರುಗಳ ಪಟ್ಟಿಗೆ ಹೋದ. ಹಳೆಯದನ್ನು ತೆಗೆದು ಹೊಸದಾಗಿ ಸೇರಿಸಿದ. ಎರಡೇ ನಿಮಿಷ. ಪರೀಕ್ಷಾ ಪುಟ ಹೊರಬಂತು. ನಾನು ಅವನಿಗೆ ಧನ್ಯವಾದ ಹೇಳಿದೆ. ಹೌದು, ಧನ್ಯವಾದ ಹೇಳಿದೆ.

ಮೂರನೆಯ ದಿನ ಮತ್ತೆ ವಿದ್ಯುತ್ ಹೋಗಿ ಬಂತು. ಮತ್ತೆ ಆಫ್‌ಲೈನ್. ಐದು ವರ್ಷದ ರಕ್ಷಣೆಗೆ ಹಣ ಕೊಟ್ಟಿದ್ದೇನಲ್ಲ ಎಂದು ಕರೆ ಮಾಡಿದೆ. ಈ ಬಾರಿ ಬೇರೆ ಧ್ವನಿ. “ಇದು ಹೊಸ ದಾಳಿ ಮೇಡಂ. ನಿಮ್ಮ ಯೋಜನೆಯಲ್ಲಿ ಒಂದೇ ಸಾಧನಕ್ಕೆ ರಕ್ಷಣೆ ಇದೆ, ಅದು ಕಂಪ್ಯೂಟರಿಗೆ ಹೋಯಿತು. ಪ್ರಿಂಟರಿಗೆ ಬೇರೆ ಕೊಡಬೇಕಾಗುತ್ತದೆ.” ಪ್ರಿಂಟರಿಗಾಗಿಯೇ ಅಲ್ಲವೇ ನಾನು ಕರೆ ಮಾಡಿದ್ದು ಎಂದೆ. “ಕಂಪ್ಯೂಟರ್ ಇಲ್ಲದೆ ಪ್ರಿಂಟರ್ ಕೆಲಸ ಮಾಡುತ್ತದೆಯೇ ಮೇಡಂ?” ಎಂದ. ಆ ಮಾತಿಗೆ ನನ್ನೊಳಗೆ ಏನೋ ಕಡಿದುಬಿತ್ತು. ಫೋನ್ ಇಟ್ಟು ತಮ್ಮನನ್ನು ಕರೆದೆ. ಮೊದಲೇ ಕರೆಯಬಹುದಿತ್ತು. ಅವನಿಗೇಕೆ ತೊಂದರೆ ಎಂದುಕೊಂಡಿದ್ದೆ.

ತಮ್ಮ ಬಂದು ಪ್ರಿಂಟರಿನ ಗುಂಡಿಗಳಲ್ಲೇ ಅದರ ನೆಟ್‌ವರ್ಕ್ ವಿವರದ ಪುಟ ಮುದ್ರಿಸಿದ. ಅದರಲ್ಲಿ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಆ ಯಂತ್ರವನ್ನು ಗುರುತಿಸುವ ಅಂಕಿಗಳ ವಿಳಾಸ, ಇರುತ್ತದೆ. ಕೊನೆಯ ಅಂಕಿ 14. ಕಂಪ್ಯೂಟರಿನಲ್ಲಿ ಆ ಪ್ರಿಂಟರಿನ ಪೋರ್ಟ್, ಅಂದರೆ ಪ್ರಿಂಟರಿನ ವಿಳಾಸ ಬರೆದಿಟ್ಟುಕೊಳ್ಳುವ ಜಾಗ, ತೆರೆದು ನೋಡಿದರೆ ಅಲ್ಲಿ 11. ಇಷ್ಟೇ ರೋಗ. ರೌಟರ್ ಆರಿ ಹೊತ್ತಿಕೊಂಡಾಗ ಮನೆಯ ಸಾಧನಗಳಿಗೆಲ್ಲ ವಿಳಾಸಗಳನ್ನು ಹೊಸದಾಗಿ ಹಂಚಿದೆ, ಪ್ರಿಂಟರಿಗೆ ಬೇರೆಯದು ಸಿಕ್ಕಿದೆ. ಕಂಪ್ಯೂಟರ್ ಹಳೆಯ ಮನೆಯ ಬಾಗಿಲು ಬಡಿಯುತ್ತಲೇ ಇತ್ತು. ತಮ್ಮ ರೌಟರಿನ ಪುಟಕ್ಕೆ ಹೋಗಿ, ಈ ಪ್ರಿಂಟರಿಗೆ ಯಾವಾಗಲೂ ಇದೇ ವಿಳಾಸ ಎಂದು ಕಾಯ್ದಿರಿಸಿ, ಕಂಪ್ಯೂಟರಿನ ಪೋರ್ಟಿನಲ್ಲೂ ಅದನ್ನೇ ಹಾಕಿದ. ಅಲ್ಲಿಂದೀಚೆಗೆ ಎರಡು ಬಾರಿ ವಿದ್ಯುತ್ ಹೋಗಿದೆ, ಪ್ರಿಂಟರ್ ಮುನಿಸಿಕೊಂಡಿಲ್ಲ.

ಅಳಿಸಲಾಗದೆ ನಿಂತಿದ್ದ ಕಡತ? ವಿಂಡೋಸ್‌ನ ಸರ್ವೀಸಸ್ ಪಟ್ಟಿಯಲ್ಲಿ, ಮುದ್ರಣದ ಸರತಿಯನ್ನು ನಡೆಸುವ ‘ಪ್ರಿಂಟ್ ಸ್ಪೂಲರ್’ ಎಂಬುದನ್ನು ನಿಲ್ಲಿಸಿ ಮತ್ತೆ ಶುರು ಮಾಡಿದ, ಹೋಯಿತು.

ಆದರೆ ಅವನ ಮುಖ ಬಿಗಿಯಾದದ್ದು ಆಮೇಲೆ. ದೂರದಿಂದ ನಿಯಂತ್ರಿಸುವ ಆ ತಂತ್ರಾಂಶ ನನ್ನ ಕಂಪ್ಯೂಟರಿನಲ್ಲಿ ಇನ್ನೂ ಇತ್ತು. ಕಂಪ್ಯೂಟರ್ ಹಚ್ಚಿದೊಡನೆ ತಾನೂ ಎದ್ದುಕೊಳ್ಳುವಂತೆ, ನನ್ನ ಅನುಮತಿ ಕೇಳದೆಯೇ ಅವರು ಒಳಬರುವಂತೆ ಗುಪ್ತಪದ ಇಟ್ಟುಹೋಗಿದ್ದರು. ಮೂರು ದಿನ. ಮೂರು ದಿನ ನಾನು ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ಮಾಡಿದ್ದೇನೆ, ಮಿಂಚಂಚೆ ಬರೆದಿದ್ದೇನೆ. ಅವರು ನೋಡಿದರೋ ಇಲ್ಲವೋ ನನಗೆ ಯಾರು ಹೇಳುತ್ತಾರೆ?

ಅಂತರ್ಜಾಲ ಕಡಿದು ಆ ತಂತ್ರಾಂಶ ಕಿತ್ತೆವು. ಬೇರೆ ಯಂತ್ರದಿಂದ ಗುಪ್ತಪದಗಳನ್ನೆಲ್ಲ ಬದಲಿಸಿದೆ. ಬ್ಯಾಂಕಿಗೆ ಕರೆ ಮಾಡಿ ಕಾರ್ಡ್ ನಿಲ್ಲಿಸಿ, ಆ ಪಾವತಿಯ ಮೇಲೆ ದೂರು ಕೊಟ್ಟೆ. ಪೊಲೀಸರಿಗೂ ಕೊಟ್ಟೆ. ಕಡತಗಳನ್ನು ಬೇರೆಡೆ ಉಳಿಸಿಕೊಂಡು ವಿಂಡೋಸನ್ನು ಹೊಸದಾಗಿ ಹಾಕಿದೆವು. ಮೂರು ಕಚೇರಿಗಳಿಗೂ ನಾನೇ ಕರೆ ಮಾಡಿ ನಡೆದದ್ದನ್ನು ಹೇಳಿದೆ. ಒಬ್ಬರು ಸಮಾಧಾನ ಹೇಳಿದರು. ಒಬ್ಬರು ಸುಮ್ಮನಿದ್ದರು. ಮೂರನೆಯವರು ತಮ್ಮ ಕಡತಗಳನ್ನು ವಾಪಸ್ ಕೇಳಿದ್ದಾರೆ.

ಹಣ ಹಿಂದಿರುಗಿಸಿ ಎಂದು ಆ ಸಂಖ್ಯೆಗೆ ಮತ್ತೆ ಕರೆ ಮಾಡಿದೆ. “ಸೇವೆ ಒದಗಿಸಿದ್ದೇವೆ ಮೇಡಂ, ಪರೀಕ್ಷಾ ಪುಟ ಬಂದಿದೆ.” ನೀವು ಹೇಳಿದ್ದೆಲ್ಲ ಸುಳ್ಳು ಎಂದೆ. “ಅನುಮತಿಸಿ ಎಂಬುದನ್ನು ಒತ್ತಿದ್ದು ನೀವು, ನಾವಲ್ಲ.” ದೂರು ಕೊಟ್ಟಿದ್ದೇನೆ ಎಂದೊಡನೆ ಧ್ವನಿ ಬದಲಾಯಿತು. “ಅಯ್ಯೋ ಅದಕ್ಕೇಕೆ ಮೇಡಂ, ಪೂರ್ತಿ ಹಣ ಕೊಡುತ್ತೇವೆ. ಆ ತಂತ್ರಾಂಶ ತೆರೆದು, ನಿಮ್ಮ ಬ್ಯಾಂಕಿನ ಪುಟಕ್ಕೆ ಹೋಗಿ, ಒಳಗೆ ಬಂದ ಮೇಲೆ ಹೇಳಿ.” ಇದನ್ನು ದಯವಿಟ್ಟು ಎರಡು ಬಾರಿ ಓದಿ. ಹಣ ವಾಪಸ್ ಕೊಡುವ ನೆಪದಲ್ಲಿ ಖಾತೆಯನ್ನೇ ತೆರೆಸಲು ನೋಡಿದರು. ನಾನು ಉತ್ತರಿಸದೆ ಫೋನ್ ಇಟ್ಟೆ.

ಆಫ್‌ಲೈನ್ ಎಂದು ಬಂದರೆ ಮೊದಲು ಪ್ರಿಂಟರಿನ ಪುಟದಲ್ಲಿರುವ ವಿಳಾಸವನ್ನೂ ಕಂಪ್ಯೂಟರಿನಲ್ಲಿರುವುದನ್ನೂ ಹೋಲಿಸಿ. ಪುಟದಲ್ಲಿ ವಿಳಾಸ 169.254 ಎಂದು ಶುರುವಾಗಿದ್ದರೆ ರೌಟರಿನಿಂದ ಅದಕ್ಕೆ ವಿಳಾಸವೇ ಸಿಕ್ಕಿಲ್ಲ ಎಂದರ್ಥ, ವೈಫೈಗೆ ಮತ್ತೆ ಜೋಡಿಸಿ. ಕಂಪ್ಯೂಟರ್ ಅಥವಾ ಪ್ರಿಂಟರ್ ಅತಿಥಿಗಳ ವೈಫೈಗೆ ಸೇರಿಕೊಂಡಿದೆಯೇ ನೋಡಿ, ಅಲ್ಲಿ ಸಾಧನಗಳು ಒಂದನ್ನೊಂದು ಕಾಣದಂತೆ ಸಾಮಾನ್ಯವಾಗಿ ತಡೆ ಇರುತ್ತದೆ. ಪ್ರಿಂಟರಿನ ಸರತಿಯ ಕಿಟಕಿಯಲ್ಲಿ ‘ಆಫ್‌ಲೈನ್ ಆಗಿ ಬಳಸಿ’ ಎಂಬುದಕ್ಕೆ ಗುರುತು ಬಿದ್ದಿದ್ದರೆ ತೆಗೆಯಿರಿ. ಸಹಾಯ ಬೇಕೇಬೇಕೆಂದರೆ ಪ್ರಿಂಟರಿನ ಜೊತೆ ಬಂದ ಕೈಪಿಡಿಯಲ್ಲಿರುವ ಜಾಲತಾಣದ ವಿಳಾಸವನ್ನೇ ಅಕ್ಷರಕ್ಷರ ಹೊಡೆದು ಹೋಗಿ, ಹುಡುಕಬೇಡಿ. ನಿಮಗೆ ಗೊತ್ತಿಲ್ಲದವರು ಒಂಬತ್ತು ಅಂಕಿ ಓದಿ ಎಂದರೆ ಅಲ್ಲಿಗೇ ಫೋನ್ ಇಡಿ.

ನಿನ್ನೆ ರಾತ್ರಿ ಮತ್ತೆ ಹುಡುಕಿ ನೋಡಿದೆ. ಆ ಪುಟ ಈಗಲೂ ಎಲ್ಲಕ್ಕಿಂತ ಮೇಲೆ ಬರುತ್ತಿದೆ. ವಿಳಾಸದಲ್ಲಿ ಒಂದಕ್ಷರ ಬದಲಾಗಿದೆ, ಫೋನ್ ಸಂಖ್ಯೆ ಬೇರೆಯಾಗಿದೆ, ಹಸಿರು ಪಟ್ಟಿ ಅದೇ. ವರದಿ ಮಾಡುವ ಗುಂಡಿ ಒತ್ತಿ ಬಂದು ಇದನ್ನು ಬರೆಯಲು ಕುಳಿತೆ.