ಬಾಗಿದ ಮೂರು ಹಲ್ಲು, ಮೂರು ರಿಪೇರಿ

ಪುಣೆ ಜಿಲ್ಲೆಯ ಇಂದಾಪುರದಲ್ಲಿ ಮಾಮಾನ ಹೊಲ ನೋಡಲು ಚಂದ ಎರೆಭೂಮಿ. ಆದರೆ ಬದುವಿನ ಕಡೆ ಮುರುಮ, ಅಂದರೆ ಗರಸು ಮಣ್ಣು, ಮೇಲೇ ಬಂದಿದೆ, ನಡುನಡುವೆ ಕರಿಕಲ್ಲು ಹೂತಿದೆ. ಏಪ್ರಿಲ್‌ನಲ್ಲಿ ಕಬ್ಬು ಹೋದ ಮೇಲೆ ಟ್ರ್ಯಾಕ್ಟರಿಗೆ ಕಟ್ಟಿ ಮಣ್ಣು ಸಡಿಲಿಸುವ ಒಂಬತ್ತು ಹಲ್ಲಿನ ಕಲ್ಟಿವೇಟರ್ ಹೊಡೆಯುವಾಗ ಅಂಥದೊಂದು ಕಲ್ಲು ಸಿಕ್ಕಿ ಮೂರು ಹಲ್ಲು ಬಾಗಿದವು. ಎರಡು ಪಕ್ಕಕ್ಕೆ, ಒಂದು ಹಿಂದಕ್ಕೆ.

ನಾನು ಪುಣೆ ಹತ್ತಿರದ ಭೋಸರಿಯ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಹೈಡ್ರಾಲಿಕ್ ಪ್ರೆಸ್ ಮೇಲೆ ಕೆಲಸ ಮಾಡುವವನು. ನಮ್ಮ ಇಂಡಿ ಕಡೆಯ ಬಹಳ ಮಂದಿ ಇಲ್ಲೇ ಇದ್ದೇವೆ. ಪ್ರೆಸ್‌ಗಿಂತ ಒಳ್ಳೆಯದಿಲ್ಲ ಎಂದು ನನ್ನ ವಾದ. ಬೆಂಕಿ ತೋರಿಸದೆ ಕಬ್ಬಿಣ ಮಾತು ಕೇಳುವುದಿಲ್ಲ ಎಂದು ಮಾಮಾನದು. ಕಡೆಗೆ ಒಂದೊಂದು ಹಲ್ಲನ್ನು ಒಂದೊಂದು ಕಡೆ ಕೊಟ್ಟು, ಅದೇ ಕಲ್ಟಿವೇಟರಿಗೆ ಕಟ್ಟಿ, ಅದೇ ಹೊಲದಲ್ಲಿ ಹೊಡೆದು ನೋಡೋಣ ಎಂದು ಒಪ್ಪಿದೆವು. ಟ್ರ್ಯಾಕ್ಟರ್ ಟಯರ್ ತುಳಿದ ಜಾಗದಲ್ಲಿ ಹಲ್ಲಿಗೆ ಭಾರ ಜಾಸ್ತಿ ಬೀಳುತ್ತದೆ, ಆದ್ದರಿಂದ ದಿನಾ ಅವುಗಳ ಜಾಗ ಅದಲುಬದಲು ಮಾಡಿದೆವು.

ಮೊದಲನೆಯದು ಸೋಲಾಪುರ ರಸ್ತೆಯ ಒಂದು ಗ್ಯಾಸ್ ವೆಲ್ಡಿಂಗ್ ಅಂಗಡಿಗೆ ಹೋಯಿತು. ಬಾಗಿದ ಒಂದೇ ಜಾಗಕ್ಕೆ ಜ್ವಾಲೆ ಹಿಡಿದು, ಹಳದಿ ಕೆಂಪಾಗುವ ತನಕ ಕಾಸಿ, ಪೈಪು ಹಾಕಿ ಎಳೆದರು. ಬೇಗ ತಣ್ಣಗಾಗಲಿ ಎಂದು ಬಕೆಟ್ ನೀರು ಸುರಿದರು. ಇಪ್ಪತ್ತು ನಿಮಿಷದಲ್ಲಿ ನೆಟ್ಟಗಾಯಿತು. ನೋಡಿದರೆ ಮೂರರಲ್ಲಿ ಇದೇ ಚಂದ. ಎರಡನೆಯ ದಿನವೇ ಮುರಿಯಿತು, ಬಾಗಿ ಅಲ್ಲ, ಚಟ್ ಎಂದು. ಮುರಿದ ಬಾಯಿಯಲ್ಲಿ ಸಕ್ಕರೆ ಹರಳಿನಂತೆ ಹೊಳಪು. ಇಂಗಾಲ ಸ್ವಲ್ಪ ಹೆಚ್ಚಿರುವ ಉಕ್ಕನ್ನು ಕೆಂಪಾಗಿ ಕಾಸಿ ನೀರಿಗಿಟ್ಟರೆ ಗಾಜಿನ ಹಾಗೆ ಪೆಡಸಾಗುತ್ತದೆ. ಮತ್ತೆ ಹದವಾಗಿ ಕಾಸಿ ಆ ಪೆಡಸು ಇಳಿಸಬೇಕು, ಅದನ್ನು ಯಾರೂ ಮಾಡಲಿಲ್ಲ. ತಪ್ಪು ಗ್ಯಾಸಿನದಲ್ಲ, ನೀರಿನದು.

ಎರಡನೆಯದು ಊರಿನ ಲೋಹಾರರ, ಅಂದರೆ ಕಮ್ಮಾರರ, ಕುಲುಮೆಗೆ. ಅವರು ಬಾಗಿದ ಜಾಗವಷ್ಟೇ ಅಲ್ಲ, ಆಚೆಈಚೆ ಒಂದು ಗೇಣು ಸೇರಿಸಿ ಇದ್ದಿಲಿನಲ್ಲಿ ನಿಧಾನ ಕಾಸಿದರು. ಅಯಸ್ಕಾಂತ ಹಿಡಿದರೆ ಅಂಟದಷ್ಟು ಕೆಂಪಾದ ಮೇಲೆಯೇ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತಿದರು. ಕೆಂಪು ಇಳಿದೊಡನೆ ಮತ್ತೆ ಬೆಂಕಿಗೆ. ನೀಲಿ ಬಣ್ಣದ ಶಾಖದಲ್ಲಿ ಬಡಿದರೆ ಉಕ್ಕು ಸೀಳುತ್ತದೆ ಎನ್ನುವುದು ಅವರ ಕೈಗೆ ಗೊತ್ತು. ಕಡೆಗೆ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಟ್ಟರು. ಈ ಹಲ್ಲು ಮುರಿಯಲಿಲ್ಲ. ಆದರೆ ಹಾಗೆ ನಿಧಾನ ಆರಿದ ಉಕ್ಕು ಕಾರ್ಖಾನೆಯ ಗಟ್ಟಿತನ ಬಿಟ್ಟು ಮೆತ್ತಗಾಗುತ್ತದೆ. ಜುಲೈ ಹೊತ್ತಿಗೆ ಅದು ಒಂದು ಬೆರಳಷ್ಟು ಮತ್ತೆ ಹಿಂದಕ್ಕೆ ವಾಲಿತ್ತು. ಆದರೂ ಆ ಕೈಗಳ ಬಗ್ಗೆ ನನಗೆ ತುಂಬ ಗೌರವ ಬಂತು.

ಮೂರನೆಯದನ್ನು ಟೆಂಪೊದಲ್ಲಿ ಭೋಸರಿಗೆ ತಂದೆ. ಮೊದಲು ಮಾಡಿದ ಕೆಲಸ ಪ್ರೆಸ್ಸಿನದಲ್ಲ, ಪ್ಲೈವುಡ್ಡಿನದು. ಚೆನ್ನಾಗಿರುವ ಒಂದು ಹಲ್ಲನ್ನು ಅದರ ಮೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆದು ಕತ್ತರಿಸಿಕೊಂಡೆ. ಹಲ್ಲಿನ ಮೂಲ ಆಕಾರವೇ ಬಾಗು ಇರುವುದರಿಂದ, ಅಳತೆ ಇಲ್ಲದೆ ಕಣ್ಣಂದಾಜಿಗೆ ಹೋದರೆ ತುದಿ ಎರಡು ಇಂಚು ತಪ್ಪುವುದು ಸಹಜ. ತುದಿ ತಪ್ಪಿದರೆ ಸಾಲು ತಪ್ಪಿತು, ಟ್ರ್ಯಾಕ್ಟರ್ ಒಂದು ಕಡೆ ಎಳೆಯಿತು.

ಎರಡು ಆಸರೆಗಳ ನಡುವೆ ಇಟ್ಟು, ರ‍್ಯಾಮ್ (ಪ್ರೆಸ್ಸಿನ ಒತ್ತುವ ದಂಡ) ಕೆಳಗೆ ಗಟ್ಟಿ ಮರದ ತುಂಡು ಕೊಟ್ಟೆ, ನೇರ ಒತ್ತಿದರೆ ಕಚ್ಚು ಬಿದ್ದು ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ತಣ್ಣನೆಯ ಉಕ್ಕು ಒತ್ತಡ ಬಿಟ್ಟೊಡನೆ ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ, ಆದ್ದರಿಂದ ಬೇಕಾದ್ದಕ್ಕಿಂತ ಕೆಲವು ಮಿಲಿಮೀಟರ್ ಹೆಚ್ಚು ಒತ್ತಿ ಬಿಡಬೇಕು. ಒತ್ತು, ಬಿಡು, ಪ್ಲೈವುಡ್ಡಿಗೆ ಹಿಡಿ, ಮತ್ತೆ ಒತ್ತು. ಅರ್ಧ ದಿನ ಹೋಯಿತು. ಹಲ್ಲು ಜಾರಿ ಹಾರಿದರೆ ಕಾಲು ಉಳಿಯುವುದಿಲ್ಲ. ಸರಪಳಿ ಕಟ್ಟಿ, ಪಕ್ಕಕ್ಕೆ ನಿಂತೇ ಲಿವರ್ ಮುಟ್ಟಿ. ಆಮೇಲೆ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿದೆ. ಬಿರುಕಿದ್ದರೆ ಒದ್ದೆ ಗೆರೆ ಮೂಡುತ್ತದೆ. ಮೂಡಲಿಲ್ಲ. ಈ ಹಲ್ಲು ಇಡೀ ಹಂಗಾಮು ನಿಂತಿದೆ.

ಹಾಗೆಂದು ಪ್ರೆಸ್ಸೇ ಗೆದ್ದಿತು ಎಂದು ಮಾಮಾನ ಮುಂದೆ ಹೇಳಲಾರೆ. ದೀಪಾವಳಿಗೆ ಇನ್ನೊಂದು ಹಲ್ಲು ಬಂತು, ಬೋಲ್ಟ್ ತೂತಿನ ಹತ್ತಿರವೇ ಚೂಪಾಗಿ ಮಡಚಿದ್ದು. ತಣ್ಣಗೆ ಒತ್ತಿದಾಗ ತೂತಿನಂಚಿನಿಂದ ಕೂದಲೆಳೆಯಷ್ಟು ಬಿರುಕು ಬಿಟ್ಟಿತು, ಗುಜರಿಗೆ ಹಾಕಿದೆ. ಅಂಥದಕ್ಕೆ ಕುಲುಮೆಯೇ ಬೇಕಿತ್ತು, ಇಲ್ಲವೇ ಹೊಸದು. ಸಣ್ಣ ಬಾಗು, ಉದ್ದನೆಯ ಬಾಗು ಇದ್ದರೆ ಪ್ರೆಸ್ಸಿಗೆ ತನ್ನಿ. ಚೂಪು ಮಡಿಕೆ ಇದ್ದರೆ ಬೂದಿಯಲ್ಲಿ ಆರಿಸುವ ತಾಳ್ಮೆ ಇರುವ ಲೋಹಾರರ ಹತ್ತಿರ ಹೋಗಿ.

ತಿರುಗುತ್ತ ಮಣ್ಣು ಪುಡಿ ಮಾಡುವ ರೋಟಾವೇಟರಿನ ಬ್ಲೇಡ್ ಮಾತ್ರ ಇಬ್ಬರ ಹತ್ತಿರವೂ ಒಯ್ಯಬೇಡಿ. ಅದು ಹದ ಕೊಟ್ಟ ಉಕ್ಕು, ಕಾಸಿದರೆ ಹದ ಹೋಗುತ್ತದೆ, ತಣ್ಣಗೆ ಬಗ್ಗಿಸಿದರೆ ಸೀಳುತ್ತದೆ, ತಿರುಗುವಾಗ ಮುರಿದ ತುಂಡು ಎತ್ತ ಹಾರೀತೋ. ಎಡಗಡೆಯ ಬ್ಲೇಡೋ ಬಲಗಡೆಯದೋ ನೋಡಿ ಹೊಸದನ್ನೇ ಕಟ್ಟಿ.

ಆ ಪ್ಲೈವುಡ್ ಈಗ ಮಾಮಾನ ಕೊಟ್ಟಿಗೆಯ ಗೋಡೆಯಲ್ಲಿದೆ. ಲೋಹಾರರೂ ಅದರಂಥದೇ ಒಂದು ಕತ್ತರಿಸಿಕೊಂಡು ಹೋದರು.